ಕೆಸರಿನ ಮೇಲೊಂದು ಚೈನು

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದು ಕೊಡು ಎಂದು ನಮ್ಮ ಕನ್ನಡ ಅಧ್ಯಾಪಕರು ಹೇಳಿದ ಮೇಲೆ ಎರಡು ದಿನ ನಾನು ಅವರ ಕಣ್ಣಿಗೆ ಬೀಳದಂತೆ ಓಡಾಡಿದೆ. ಬರೆಯಲು ಹಂಪೆಯಿದೆ, ಬಳ್ಳಾರಿಯ ಕೋಟೆಯಿದೆ, ಕುರುಗೋಡಿನ ದೊಡ್ಡ ಬಸವಣ್ಣನಿದ್ದಾನೆ. ಆದರೆ ಅವುಗಳನ್ನು ನನಗಿಂತ ಚೆನ್ನಾಗಿ ಬರೆಯುವ ಗೆಳೆಯರು ಪ್ರತಿ ವರ್ಷವೂ ಇದ್ದೇ ಇರುತ್ತಾರೆ. ಮೂರನೆಯ ದಿನ ಸಿಕ್ಕಿಬಿದ್ದೆ. "ನಿನಗೆ ಚೆನ್ನಾಗಿ ತಿಳಿದದ್ದು ಯಾವುದೋ ಅದನ್ನು ಬರೆ" ಎಂದರು. ನನಗೆ ಚೆನ್ನಾಗಿ ತಿಳಿದದ್ದು ಒಂದೇ. ಭತ್ತ ಕೊಯ್ಯುವ ಯಂತ್ರಕ್ಕೆ ಚೈನು ಹಾಕುವುದು. ಇತಿಹಾಸ, ರಾಜ್ಯಶಾಸ್ತ್ರ ಓದುವ ವಿದ್ಯಾರ್ಥಿಗೆ ಇದೇನು ವಿಷಯ ಎಂದು ಓದುಗರು ನಗಬಹುದು. ನಗಲಿ; ನನ್ನ ಮೂರು ವರ್ಷದ ಓದು ನಡೆದದ್ದು ಬಹಳಮಟ್ಟಿಗೆ ಆ ಚೈನಿನ ಮೇಲೆಯೇ.

ನನ್ನ ಬದುಕು ಮೂರು ಕಡೆ ಹಂಚಿಹೋಗಿದೆ. ಸೋಮವಾರದಿಂದ ಶನಿವಾರದವರೆಗೆ ಬಳ್ಳಾರಿಯ ಹಾಸ್ಟೆಲು. ಸುಗ್ಗಿಯ ಕಾಲದಲ್ಲಿ ಶನಿವಾರ ಮಧ್ಯಾಹ್ನದ ಬಸ್ಸಿಗೆ ಕುರುಗೋಡು. ಅಲ್ಲಿ ನಮ್ಮ ಸೋದರಮಾವನದೊಂದು ತಗಡಿನ ಶೆಡ್ಡಿದೆ. ನಮ್ಮೂರು ಇರುವುದು ಸಿರುಗುಪ್ಪ ತಾಲ್ಲೂಕಿನಲ್ಲಿ, ಕಾಲುವೆಯ ಕೆಳಗೆ. ಹಬ್ಬಕ್ಕೋ, ಕಾಯಿಲೆಗೋ ಅಲ್ಲಿಗೆ ಹೋಗುತ್ತೇನೆ. ಅಪ್ಪನಿಗೆ ಸಹಿ ಮಾಡಲು ಬರುತ್ತದೆ, ಅವ್ವನಿಗೆ ಅದೂ ಬಾರದು. ಇಬ್ಬರಿಗೂ ಬರುತ್ತಿದ್ದ ವಿದ್ಯೆಯೆಂದರೆ ನೆಲ್ಲು ಕೊಯ್ಯುವುದು.

ಬಸ್ಸಿನ ಕಿಟಕಿಯಿಂದ ಮಾತ್ರ ಗದ್ದೆ ನೋಡಿದ ಗೆಳೆಯರಿಗಾಗಿ ಎರಡು ಮಾತು ಹೇಳಬೇಕು. ನಮ್ಮ ಕಡೆ ನವೆಂಬರ್ ಬಂತೆಂದರೆ ಎರಡು ಜಾತಿಯ ಯಂತ್ರಗಳು ಇಳಿಯುತ್ತವೆ. ಒಂದು ಟೈರ್ ಮಿಷನ್, ಇನ್ನೊಂದು ಚೈನ್ ಮಿಷನ್. ಟೈರಿನದು ಆಳೆತ್ತರದ ಗಾಲಿಗಳ ಮೇಲೆ ತಾನೇ ರಸ್ತೆಯಲ್ಲಿ ಓಡಿ ಬರುತ್ತದೆ. ಚೈನಿನದಕ್ಕೆ ಗಾಲಿಯ ಬದಲು ಎರಡೂ ಪಕ್ಕ ಅಗಲವಾದ ರಬ್ಬರಿನ ಪಟ್ಟಿ. ಅದರೊಳಗೆ ಉಕ್ಕಿನ ತಂತಿ, ಕಬ್ಬಿಣದ ಹಲ್ಲು. ಡಾಂಬರಿನ ಮೇಲೆ ಓಡಿಸಿದರೆ ಪಟ್ಟಿ ಸವೆಯುವುದರಿಂದ ಅದು ಲಾರಿಯ ಮೇಲೆ ಕುಳಿತು ಮದುವೆಯ ಗಂಡಿನ ಹಾಗೆ ಬರುತ್ತದೆ. ಬಾಡಿಗೆಯೂ ಗಂಡಿನ ಕಡೆಯವರ ಹಾಗೆಯೇ. ೨೦೨೪ರಲ್ಲಿ ನಮ್ಮೂರಲ್ಲಿ ಟೈರಿನದಕ್ಕೆ ಗಂಟೆಗೆ ಎರಡು ಸಾವಿರ ರೂಪಾಯಿ ಇದ್ದಾಗ ಚೈನಿನದಕ್ಕೆ ಎರಡು ಸಾವಿರದ ಎಂಟುನೂರು. ಆದರೂ ಜನ ಚೈನಿನದನ್ನೇ ಕಾದು ಕೂರುವುದುಂಟು. ನಮ್ಮದು ಎರೆ ನೆಲ. ನೀರು ಕುಡಿದ ಎರೆಯಲ್ಲಿ ಟೈರು ಇಳಿಯಿತೆಂದರೆ ಮೇಲಕ್ಕೆ ಬರುವುದು ಮಾಲೀಕನ ಪುಣ್ಯ. ಬಂದರೂ ಮೊಣಕಾಲುದ್ದದ ಕಾಲುವೆ ತೋಡಿ ಬರುತ್ತದೆ, ಮುಂದಿನ ನಾಟಿಗೆ ಗದ್ದೆ ಮಟ್ಟ ಮಾಡುವ ಖರ್ಚು ಬೇರೆ.

ಅಷ್ಟು ಭಾರದ ಯಂತ್ರ ಕೆಸರಿನಲ್ಲಿ ಹೇಗೆ ತೇಲುತ್ತದೆ ಎಂದು ನಾನು ಮೊದಲ ವರ್ಷವೇ ಮಾವನನ್ನು ಕೇಳಿದ್ದೆ. ಮಾವ ಏಳನೆಯ ತರಗತಿಯವರೆಗೆ ಓದಿದವನು. ಸೀಮೆಸುಣ್ಣ ತೆಗೆದು ಶೆಡ್ಡಿನ ನೆಲದ ಮೇಲೆ ಲೆಕ್ಕ ಮಾಡಿ ತೋರಿಸಿದ. ಮಿಷನ್ನಿನ ತೂಕ ಮೂರು ಟನ್ ಎಂದಿಟ್ಟುಕೊ. ಚೈನಿನ ಅಗಲ ೪೦ ಸೆಂಟಿಮೀಟರ್, ನೆಲಕ್ಕೆ ತಾಗುವ ಉದ್ದ ೧೫೦. ಎರಡೂ ಚೈನು ಸೇರಿ ೧೨,೦೦೦ ಚದರ ಸೆಂಟಿಮೀಟರ್. ೩,೦೦೦ ಕಿಲೋ ಭಾರವನ್ನು ಅದಕ್ಕೆ ಹಂಚಿದರೆ ಚದರ ಸೆಂಟಿಮೀಟರಿಗೆ ಬರುವುದು ಕಾಲು ಕಿಲೋ. "ಈಗ ನಿಮ್ಮವ್ವಂದು ಮಾಡು" ಎಂದ. ಅವ್ವನ ತೂಕ ನಲವತ್ತೈದು ಕಿಲೋ. ಒಂದು ಪಾದ ಸುಮಾರು ೧೫೦ ಚದರ ಸೆಂಟಿಮೀಟರ್. ನಡೆಯುವಾಗ ಭಾರವೆಲ್ಲ ಒಂದೇ ಪಾದದ ಮೇಲೆ ಬೀಳುತ್ತದಷ್ಟೆ. ಭಾಗಿಸಿದರೆ ಮುನ್ನೂರು ಗ್ರಾಂ. ಮೂರು ಟನ್ನಿನ ಯಂತ್ರ ನಮ್ಮ ಅವ್ವನಿಗಿಂತ ಹಗುರವಾಗಿ ಗದ್ದೆಯಲ್ಲಿ ನಡೆಯುತ್ತದೆ! ಆಗ ಇದು ಬರೀ ತಮಾಷೆಯ ಲೆಕ್ಕವಾಗಿ ಕಂಡಿತ್ತು.

ನಾನು ಪಾನಾ ಹಿಡಿದದ್ದು ೨೦೨೧ರ ನವೆಂಬರಿನಲ್ಲಿ. ಆಗ ಪಿಯುಸಿ ಮೊದಲ ವರ್ಷ. ಆ ತಿಂಗಳ ಅಕಾಲ ಮಳೆಯನ್ನು ಈ ಕಡೆಯ ಯಾರೂ ಮರೆತಿಲ್ಲ. ಕೊಯ್ಲಿಗೆ ನಿಂತ ಭತ್ತ ಚಾಪೆ ಹಾಸಿದಂತೆ ಮಲಗಿತು. ನೀರಿನಲ್ಲಿ ಬಿದ್ದ ತೆನೆಯಿಂದ ಅಲ್ಲೇ ಮೊಳಕೆ ಹೊರಟಿತು. ಟೈರ್ ಮಿಷನ್ನುಗಳು ರಸ್ತೆಯ ಬದಿಯಲ್ಲಿ ಸಾಲಾಗಿ ನಿಂತುಬಿಟ್ಟವು. ಚೈನಿನವು ಹಗಲು ರಾತ್ರಿ ಓಡಿದವು, ಓಡಿದ್ದಕ್ಕೆ ಸರಿಯಾಗಿ ಚೈನುಗಳು ಹರಿದವು. ಮಾವನಿಗೆ ಎರಡು ಕೈ ಸಾಲದೆ ನನ್ನನ್ನು ಕರೆಸಿದ. ಶೆಡ್ಡಿನೊಳಗೆ ನಾನು ಮೊದಲು ಕಲಿತದ್ದು ಬೈಗುಳ, ಕೆಲಸ ಆಮೇಲೆ.

ಕೆಲಸ ಹೇಳಿದಷ್ಟು ಸುಲಭವಲ್ಲ, ಕಂಡಷ್ಟು ಕಷ್ಟವೂ ಅಲ್ಲ. ಗಟ್ಟಿ ನೆಲದ ಮೇಲೆ ಮಿಷನ್ ನಿಲ್ಲಿಸಿ ಜಾಕಿ ಕೊಟ್ಟು ಎತ್ತಬೇಕು. ಎತ್ತಿದ ಮೇಲೆ ಅಡಿಗೆ ಮರದ ದಿಮ್ಮಿ ಇಡಬೇಕು. ಜಾಕಿಯನ್ನೇ ನಂಬಿ ಕೆಳಗೆ ತೂರುವವನು ಮದುವೆಯಾಗಬಾರದು ಎಂಬುದು ಮಾವನ ಮಾತು. ಚೈನಿನ ಒಂದು ತುದಿಯಲ್ಲಿ ಎಂಜಿನ್ನಿನ ಬಲದಿಂದ ತಿರುಗುವ ಹಲ್ಲುಗಾಲಿ, ಇನ್ನೊಂದು ತುದಿಯಲ್ಲಿ ಸುಮ್ಮನೆ ತಿರುಗುವ ಐಡ್ಲರ್ ಗಾಲಿ, ನಡುವೆ ಭಾರ ಹೊರುವ ರೋಲರುಗಳು. ಐಡ್ಲರನ್ನು ಹಿಂದೆ ಮುಂದೆ ಸರಿಸಿದರೆ ಚೈನು ಬಿಗಿಯಾಗುತ್ತದೆ, ಇಲ್ಲವೆ ಸಡಿಲವಾಗುತ್ತದೆ. ಸರಿಸಲು ಕೆಲವಕ್ಕೆ ತಿರುಪಿನ ಬೋಲ್ಟು, ಕೆಲವಕ್ಕೆ ಗ್ರೀಸ್ ತುಂಬಿದ ಸಿಲಿಂಡರು. ಈ ಗ್ರೀಸಿನದು ಮೋಸದ ಜಾತಿ. ಒಳಗಿನ ಒತ್ತಡ ಎಷ್ಟಿರುತ್ತದೆಂದರೆ ವಾಲ್ವನ್ನು ಒಮ್ಮೆಲೇ ಬಿಚ್ಚಿದವನ ಕಡೆಗೆ ಅದು ಬಂದೂಕಿನ ಗುಂಡಿನಂತೆ ಹಾರಬಹುದು. ಮುಖವನ್ನು ಪಕ್ಕಕ್ಕೆ ಹಿಡಿದು ಸ್ವಲ್ಪ ಸ್ವಲ್ಪವೇ ನಿಧಾನವಾಗಿ ಸಡಿಲಿಸಬೇಕು. ಗ್ರೀಸು ಹುಳುವಿನಂತೆ ಹೊರಗೆ ಬಂದು, ಐಡ್ಲರ್ ಹಿಂದೆ ಸರಿದು, ಹಳೆಯ ಚೈನು ಹೊಟ್ಟೆ ಜೋಲಿಸಿದಾಗ ಹಾರೆ ಹಾಕಿ ಜಾರಿಸಿ ತೆಗೆಯುತ್ತೇವೆ.

ಹೊಸದನ್ನು ಹಾಕುವಾಗ ಮೊದಲು ಹಲ್ಲುಗಾಲಿಗೆ ಕೂರಿಸಿ ಆಮೇಲೆ ಐಡ್ಲರಿನ ಮೇಲೆ ಎಳೆಯಬೇಕು. ಎಳೆಯುವವನ ಬೆರಳು ಎಲ್ಲಿದೆ ಎಂದು ಹಾರೆ ಹಿಡಿದವನು ನೋಡುತ್ತಿರಬೇಕು. ಕಡೆಗೆ ಬಿಗಿ. ಎತ್ತಿದ ಮಿಷನ್ನಿನಲ್ಲಿ ನಡುವಿನ ರೋಲರಿಗೂ ಚೈನಿಗೂ ಹತ್ತರಿಂದ ಇಪ್ಪತ್ತು ಮಿಲಿಮೀಟರ್ ಸಂದು ಇರಬೇಕು. ಮಾವನ ಅಳತೆಯಲ್ಲಿ ಒಂದು ಬೆರಳು. ಬಿಗಿ ಹೆಚ್ಚಾದರೆ ರೋಲರೂ ಚೈನೂ ಬೇಗ ಸವೆದು ಎಂಜಿನ್ ಸುಮ್ಮನೆ ಡೀಸೆಲ್ ಕುಡಿಯುತ್ತದೆ. ಸಡಿಲ ಹೆಚ್ಚಾದರೆ ಬದುವಿನ ಹತ್ತಿರ ತಿರುಗುವಾಗ ಚೈನು ಕಳಚಿ ಬೀಳುತ್ತದೆ. ಇನ್ನೂ ಒಂದಿದೆ, ಅದೇ ಮುಖ್ಯ: ಬಿಗಿದ ಮೇಲೆ ಚೈನನ್ನು ನಾಲ್ಕು ಸುತ್ತು ನಿಧಾನವಾಗಿ ತಿರುಗಿಸಿ ಮತ್ತೆ ಬೆರಳು ಹಾಕಿ ನೋಡಬೇಕು. ಹೊಸ ಚೈನು ಹಲ್ಲಿನ ಮೇಲೆ ಸರಿಯಾಗಿ ಕುಳಿತಾಗ ಸಂದು ಬದಲಾಗುತ್ತದೆ.

ಈ ಚೈನಿನ ವಂಶಾವಳಿಯನ್ನು ನಾನು ಆಮೇಲೆ ಹುಡುಕಿ ಓದಿದೆ. ಮೊದಲನೆಯ ಮಹಾಯುದ್ಧದಲ್ಲಿ, ೧೯೧೬ರಲ್ಲಿ, ಸೋಮ್ ರಣರಂಗಕ್ಕೆ ಟ್ಯಾಂಕು ಬಂತೆಂದು ನಾವೆಲ್ಲ ಪರೀಕ್ಷೆಗೆ ಓದಿದ್ದೇವೆ. ಆದರೆ ಚೈನು ಹುಟ್ಟಿದ್ದು ಯುದ್ಧಕ್ಕಲ್ಲ, ಹೊಲಕ್ಕೆ. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಎಂಬ ಊರಿನ ಸುತ್ತ ನದಿಯ ಮುಖಜ ಭೂಮಿ; ನಮ್ಮ ಎರೆಗಿಂತ ಮೆತ್ತಗೆ. ಅಲ್ಲಿ ಬೆಂಜಮಿನ್ ಹೋಲ್ಟ್ ಎಂಬಾತ ಉಗಿ ಟ್ರ್ಯಾಕ್ಟರ್ ಮಾಡುತ್ತಿದ್ದ. ಗಾಲಿಯನ್ನು ಎಷ್ಟು ಅಗಲ ಮಾಡಿದರೂ ಯಂತ್ರ ಹೂತುಹೋಗುತ್ತಿತ್ತು. ೧೯೦೪ರ ನವೆಂಬರ್ ೨೪ರಂದು ಅವನು ಹಿಂದಿನ ಗಾಲಿಗಳನ್ನೇ ತೆಗೆದು ಮರದ ಹಲಗೆ ಜೋಡಿಸಿದ ಸರಪಳಿ ಹಾಕಿ ಓಡಿಸಿ ನೋಡಿದ. ಕಂಬಳಿಹುಳುವಿನಂತೆ ತೆವಳುತ್ತದೆ ಎಂದು ನೋಡಿದವರು ಹೇಳಿದ ಮಾತೇ ಮುಂದೆ ಯಂತ್ರದ ಹೆಸರಾಯಿತು. ಅವನಿಗೂ ನವೆಂಬರೇ ಸಿಕ್ಕಿತಲ್ಲ ಎಂದು ನನಗೆ ಸಂತೋಷವಾಯಿತು. ರಬ್ಬರಿನ ಪಟ್ಟಿಯ ಕಥೆ ಇನ್ನೂ ಸೊಗಸು. ಅಡಾಲ್ಫ್ ಕೆಗ್ರೆಸ್ ಎಂಬ ಫ್ರೆಂಚ್ ಎಂಜಿನಿಯರು ರಷ್ಯದ ಚಕ್ರವರ್ತಿ ಎರಡನೆಯ ನಿಕೋಲಸನ ಮೋಟಾರುಗಳನ್ನು ನೋಡಿಕೊಳ್ಳುತ್ತಿದ್ದ. ಹಿಮದಲ್ಲಿ ದೊರೆಯ ಕಾರು ಓಡಬೇಕೆಂದು ಹಿಂದಿನ ಗಾಲಿಗಳ ಜಾಗದಲ್ಲಿ ಪಟ್ಟಿ ಹಾಕಿದ. ಕ್ರಾಂತಿಯಾಗಿ ಚಕ್ರವರ್ತಿಯೂ ಹೋದ, ಕಾರೂ ಹೋಯಿತು, ಪಟ್ಟಿ ಉಳಿಯಿತು. ಅಂಥ ಪಟ್ಟಿಯ ಸಿಟ್ರೊಯೆನ್ ಕಾರುಗಳು ೧೯೨೨-೨೩ರಲ್ಲಿ ಸಹರಾ ಮರುಭೂಮಿಯನ್ನು ದಾಟಿದವು, ೧೯೩೧ರಲ್ಲಿ ಶ್ರೀನಗರದಿಂದ ಗಿಲ್ಗಿಟ್ಟಿನ ಕಣಿವೆಗೂ ಹತ್ತಿದವು.

ಈಗಲೂ ಹಿಮದ ದೇಶಗಳಲ್ಲಿ ಅದೇ ಆಟ ನಡೆದಿದೆ. ಇಬ್ಬರು ಪಕ್ಕಪಕ್ಕ ಕೂರುವ, ರಸ್ತೆ ಬಿಟ್ಟು ಗುಡ್ಡ ಮರಳಿನಲ್ಲಿ ಹಾರಾಡಿಸುವ ಶೋಕಿಯ ಗಾಡಿಗಳಿವೆ. ಚಳಿಗಾಲ ಬಂದಾಗ ಅದರ ನಾಲ್ಕೂ ಗಾಲಿ ಬಿಚ್ಚಿ, ಗಾಲಿಯ ಜಾಗದಲ್ಲಿ ಒಂದೊಂದು ಮುಕ್ಕೋನದ ಚೈನು ಕೂರಿಸುತ್ತಾರೆ. ಅದರ ಚಿತ್ರವನ್ನು ಫೋನಿನಲ್ಲಿ ಮಾವನಿಗೆ ತೋರಿಸಿದೆ. ಗಾಡಿಯ ಅಂದ ಚಂದ ಅವನಿಗೆ ಬೇಡವಾಗಿತ್ತು. ಚೈನಿನ ಚೌಕಟ್ಟಿನಿಂದ ಗಾಡಿಯ ಮೈಗೆ ಬಿಗಿದ ಒಂದು ಸಣ್ಣ ಸರಳನ್ನು ತೋರಿಸಿ, "ಇದೊಂದು ಇರಲಿಲ್ಲ ಅಂದ್ರ ಇಡೀ ಮುಕ್ಕೋನನ ಗಾಲಿ ತಿರುಗಿದಂಗ ತಿರುಗಿ ಗಾಡಿ ಮುರೀತಿತ್ತು" ಎಂದ. ಆಮೇಲೆ, ದೊಡ್ಡ ಟೈರು ತೆಗೆದು ಸಣ್ಣ ಹಲ್ಲುಗಾಲಿ ಹಾಕಿದ್ದಾರೆ, ವೇಗ ಕಡಿಮೆ, ಎಳೆತ ಹೆಚ್ಚು, ಸ್ಟೇರಿಂಗ್ ಭಾರ ಎಂದೆಲ್ಲ ಚಿತ್ರ ನೋಡಿಯೇ ಹೇಳಿದ. ಎಲ್ಲವೂ ನಿಜವೆಂದು ಮುಂದೆ ಓದಿ ತಿಳಿದೆ. "ಇವ್ರು ಇದ್ರಾಗ ಏನ್ ಕೊಯ್ತಾರ?" ಎಂದು ಕಡೆಗೆ ಕೇಳಿದ. ಏನೂ ಇಲ್ಲ ಮಾವ, ಆಡುತ್ತಾರೆ ಎಂದೆ. ಅವನು ಫೋನು ಹಿಂದಕ್ಕೆ ಕೊಟ್ಟ.

ಇನ್ನು ಅವ್ವನ ವಿಷಯ. ಅವ್ವ ತನ್ನ ಹರೆಯದಲ್ಲಿ ಕೊಯ್ಲಿನ ಗುಂಪಿನ ಹಿರಿಯಳಾಗಿದ್ದಳು. ಕ್ಯಾಂಪುಗಳ ರೈತರು, ಊರ ಗೌಡರು ಎಲ್ಲರೂ ಸುಗ್ಗಿಗೆ ಮುಂಚೆ ಮನೆಯ ಬಾಗಿಲಿಗೆ ಬಂದು ಗುತ್ತಿಗೆ ಮಾತಾಡಿ ಹೋಗುತ್ತಿದ್ದರಂತೆ. ಒಂದು ಎಕರೆಗೆ ಹತ್ತು ಹನ್ನೆರಡು ಆಳು, ಒಂದು ದಿನ. ಆಮೇಲೆ ಸಿವುಡು ಕಟ್ಟುವುದು, ಹೊರುವುದು, ಕಣದಲ್ಲಿ ಬಡಿಯುವುದು ಬೇರೆ. ಯಂತ್ರ ಬಂದ ಮೇಲೆ ಅದೇ ಎಕರೆ ಗಂಟೆಯೊಂದರಲ್ಲಿ ಮುಗಿದು ಕಾಳು ಟ್ರಾಲಿಗೆ ಬೀಳುತ್ತದೆ. ಹುಲ್ಲು ಮಾತ್ರ ನುಗ್ಗಾಗಿ ದನ ಮೂಸುವುದಿಲ್ಲ ಎಂದು ಅವ್ವ ಈಗಲೂ ಹೇಳುತ್ತಾಳೆ. ಟೈರ್ ಮಿಷನ್ನಿನ ಕಾಲದಲ್ಲಿ ಒಣ ಗದ್ದೆ ಹೋಯಿತು. ಆದರೆ ತಗ್ಗಿನ ಗದ್ದೆ, ಹಳ್ಳದ ದಂಡೆ, ಕಾಲುವೆಯ ಬಸಿ ನೀರು ನಿಲ್ಲುವ ಮಡಿ ಇವೆಲ್ಲ ಕುಡುಗೋಲಿನವರ ಪಾಲಿಗೇ ಉಳಿದಿದ್ದವು. ಕೆಸರೇ ಅವರ ಬೇಲಿ. ಆ ಗದ್ದೆಗಳಿಗೆ ಕರೆಯಲು ಬಂದವರ ಹತ್ತಿರ ಅವರು ಕೂಲಿಯನ್ನು ತಾವೇ ಹೇಳುತ್ತಿದ್ದರು. ಆ ಬೇಲಿಯನ್ನು ದಾಟಿದ್ದು ಚೈನು. ಆ ಚೈನನ್ನು ಬಿಗಿದು ಕಳಿಸುತ್ತಿದ್ದವರಲ್ಲಿ ನಾನೊಬ್ಬ. ಒಂದು ಚೈನಿಗೆ ಮಾವ ನನಗೆ ಕೊಡುತ್ತಿದ್ದುದು ಇನ್ನೂರು ರೂಪಾಯಿ. ಅದು ಪರೀಕ್ಷೆಯ ಶುಲ್ಕವಾಗುತ್ತಿತ್ತು, ಬಸ್ಸಿನ ಚಾರ್ಜಾಗುತ್ತಿತ್ತು, ಒಮ್ಮೆ ಕನ್ನಡಕವಾಯಿತು.

೨೦೨೪ರ ಆಗಸ್ಟಿನ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಇರಲಾರೆ. ಹತ್ತನೆಯ ತಾರೀಕಿನ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೩೩ ಗೇಟುಗಳಲ್ಲಿ ಹತ್ತೊಂಬತ್ತನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಬೆಳಗಿನ ಜಾವ ಯಾರೋ ಮಾವನಿಗೆ ಫೋನು ಮಾಡಿ "ಚೈನ್ ಹರದೈತಿ" ಎಂದರಂತೆ. ಮಾವ ನಿದ್ದೆಗಣ್ಣಿನಲ್ಲಿ "ಯಾರ್ದು, ಎಡಗಡೀದೋ ಬಲಗಡೀದೋ" ಎಂದನಂತೆ. ಮುಂದಿನ ವಾರ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸುವವರೆಗೆ ನಮ್ಮ ತಾಲ್ಲೂಕಿನಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಬೆಳೆಗೆ ನೀರು ಸಿಕ್ಕಿತು, ಸುಗ್ಗಿಯೂ ಬಂತು.

ಆ ಸುಗ್ಗಿಯಲ್ಲೇ ನಾನು ತಪ್ಪು ಮಾಡಿದ್ದು. ಡಿಸೆಂಬರಿನ ಒಂದು ಭಾನುವಾರ ಸಂಜೆ ಒಂದು ಮಿಷನ್ನಿಗೆ ಎಡಗಡೆಯ ಚೈನು ಹಾಕಿ ಮುಗಿಸಿದೆ. ಮರುದಿನ ಬೆಳಿಗ್ಗೆ ಕಾಲೇಜಿನಲ್ಲಿ ಕಿರುಪರೀಕ್ಷೆ. ಬಳ್ಳಾರಿಯ ಕೊನೆಯ ಬಸ್ಸು ಹೊರಡುವ ಹೊತ್ತು. ಬೆರಳು ಹಾಕಿ ನೋಡಿದೆ, ಸಂದು ಸರಿಯಿತ್ತು. ನಾಲ್ಕು ಸುತ್ತು ತಿರುಗಿಸಿ ಮತ್ತೆ ನೋಡಲಿಲ್ಲ. ಮಾವ ಊಟಕ್ಕೆ ಹೋಗಿದ್ದ. ಆಯಿತು ಎಂದು ಚಾಲಕನಿಗೆ ಹೇಳಿ ಬಸ್ಸು ಹಿಡಿದೆ.

ಪರೀಕ್ಷೆ ಬರೆದು ಹೊರಗೆ ಬರುವಷ್ಟರಲ್ಲಿ ಫೋನಿನಲ್ಲಿ ಮಾವನ ಒಂಬತ್ತು ಕರೆ. ಮಿಷನ್ ಹೋಗಿದ್ದು ನಮ್ಮೂರಿಗೇ, ಹಳ್ಳದ ದಂಡೆಯ ಗದ್ದೆಗೆ. ಎರಡನೆಯ ತಿರುವಿನಲ್ಲೇ ಎಡಗಡೆಯ ಚೈನು ಕಳಚಿ ಬಿದ್ದಿದೆ. "ನೀ ಕಟ್ಟಿದ್ದು, ನೀನ ಬಾ" ಎಂದು ಫೋನಿಟ್ಟ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಐವತ್ತು ಕಿಲೋಮೀಟರಿಗೂ ಹೆಚ್ಚು. ಆ ದಾರಿ ಅಷ್ಟು ಉದ್ದವಿದೆಯೆಂದು ಅಂದೇ ತಿಳಿದದ್ದು. ನಾನು ಗದ್ದೆ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಮೋಡ ಕಟ್ಟಿತ್ತು. ಭತ್ತ ಒಯ್ಯುವ ಲಾರಿ ರಸ್ತೆಯಲ್ಲಿ ನಿಂತು ಕಾಯುತ್ತಿತ್ತು. ಮಿಷನ್ ಗದ್ದೆಯ ನಡುವೆ ಒಂದು ಮಗ್ಗುಲಿಗೆ ವಾಲಿ, ಕುಂಟೆತ್ತಿನ ಹಾಗೆ ಕುಳಿತಿತ್ತು. ಅದರ ಸುತ್ತ ಏಳು ಜನ ಹೆಂಗಸರು ಸೊಂಟ ಬಗ್ಗಿಸಿ ಕೊಯ್ಯುತ್ತಿದ್ದರು. ಮುಂದಿನ ಸಾಲಿನಲ್ಲಿ ಅವ್ವ.

ನಡೆದದ್ದು ಇಷ್ಟು. ಮಳೆ ಬಂದರೆ ಗತಿಯೇನೆಂದು ಗದ್ದೆಯವರು ಬೆಳಿಗ್ಗೆಯೇ ನಮ್ಮ ಕೇರಿಗೆ ಹೇಳಿಕಳಿಸಿದ್ದಾರೆ. ದಿನಕ್ಕೆ ಮುನ್ನೂರೈವತ್ತು ನಡೆಯುತ್ತಿದ್ದ ಕೂಲಿಯನ್ನು ಅವ್ವ ಏಳುನೂರು ಎಂದಿದ್ದಾಳೆ. ಅವರು ಮರುಮಾತಾಡದೆ ಒಪ್ಪಿದ್ದಾರೆ.

ನಾನು ಪ್ಯಾಂಟು ಮಡಿಸಿ ಇಳಿದೆ. ಕೆಸರಿನಲ್ಲಿ ಚೈನು ಹಾಕುವುದು ಶೆಡ್ಡಿನಲ್ಲಿ ಹಾಕಿದಂತಲ್ಲ. ಜಾಕಿಯ ಅಡಿಗೆ ಅಗಲವಾದ ಹಲಗೆ ಇಡದಿದ್ದರೆ ಮಿಷನ್ ಮೇಲೇಳುವ ಬದಲು ಜಾಕಿ ಕೆಳಗಿಳಿಯುತ್ತದೆ. ಹಲಗೆ ಸಾಲದೆ ಗದ್ದೆಯವರ ಮನೆಯ ಬಾಗಿಲೊಂದನ್ನು ತರಿಸಿದೆವು. ಸಲಿಕೆಯಿಂದ ಕೆಸರು ತೆಗೆದಷ್ಟೂ ನೀರು ಬಂದು ತುಂಬುತ್ತಿತ್ತು. ಹಲ್ಲುಗಾಲಿಯೊಳಗೆ ಹುಲ್ಲು, ಮಣ್ಣು ಸಿಮೆಂಟಿನಂತೆ ಕಟ್ಟಿಕೊಂಡಿತ್ತು; ಅದನ್ನು ಕೈಯಿಂದ ಬಗೆದೆ. ಮಾವ ಒಂದು ಮಾತೂ ಬೈಯಲಿಲ್ಲ. ಅದೇ ಹೆಚ್ಚು ಹೆದರಿಕೆಯಾಗಿತ್ತು. ನಮ್ಮ ಹಿಂದೆ ಕುಡುಗೋಲುಗಳ ಸಪ್ಪಳ ಒಂದೇ ಸಮನೆ ಕೇಳುತ್ತಿತ್ತು. ಅವರು ಕೊಯ್ದಷ್ಟೂ ಮಿಷನ್ನಿಗೆ ಕಡಿಮೆ, ನಾವು ಬೇಗ ಎತ್ತಿದಷ್ಟೂ ಅವರಿಗೆ ಕಡಿಮೆ. ಇದನ್ನು ಅಲ್ಲಿದ್ದವರೆಲ್ಲ ಬಲ್ಲರು, ಯಾರೂ ಆಡಲಿಲ್ಲ. ಒಂದು ಸಲ ತಿರುಗಿ ನೋಡಿದೆ. ಅವ್ವ ಸೊಂಟ ನೆಟ್ಟಗೆ ಮಾಡಿ ನಿಂತಿದ್ದಳು. ಅವಳ ಪಾದ ಮೀನಖಂಡದವರೆಗೆ ಹೂತಿತ್ತು. ಮುನ್ನೂರು ಗ್ರಾಂ ಎಂದುಕೊಂಡೆ. ನಗು ಬರಲಿಲ್ಲ.

ಐದು ಗಂಟೆಗೆ ಚೈನು ಕುಳಿತಿತು. ನಾಲ್ಕು ಸುತ್ತು ಬೇಡ, ಹತ್ತು ಸುತ್ತು ತಿರುಗಿಸಿ ನೋಡಿದೆ. ಹೆಂಗಸರು ಅಷ್ಟರಲ್ಲಿ ಅರ್ಧ ಎಕರೆಗೂ ಮಿಕ್ಕಿ ಮಲಗಿಸಿದ್ದರು. ಉಳಿದದ್ದನ್ನು ಮಿಷನ್ ಕತ್ತಲಾಗುವುದರೊಳಗೆ ಮುಗಿಸಿತು. ಅವರು ಬದುವಿನ ಮೇಲೆ ಸಾಲಾಗಿ ನಿಂತು, ಒಬ್ಬರ ಮುಖ ಒಬ್ಬರು ನೋಡದೆ, ಅದು ಓಡಾಡುವುದನ್ನು ನೋಡಿದರು.

ರಾತ್ರಿ ಮನೆಯಲ್ಲಿ ರೊಟ್ಟಿ ತಿನ್ನುವಾಗ ಅವ್ವನಿಗೆ ಹೇಳಿಬಿಟ್ಟೆ: ಅದು ನಾನೇ ಹಾಕಿದ ಚೈನು, ನೋಡದೆ ಬಂದದ್ದು ನನ್ನ ತಪ್ಪು. ಅವ್ವ ಒಲೆಯ ಕಡೆ ತಿರುಗಿದ್ದವಳು ಹಾಗೆಯೇ ಕುಳಿತಿದ್ದು, ಆಮೇಲೆ ನಗಲು ಶುರುಮಾಡಿದಳು. "ಮೊದ್ಲ ಹೇಳಬಾರ್ದ ಏನೋ! ಎರಡೂ ಕಡೀದ ಸಡ್ಲ ಬಿಡು ಅಂತಿದ್ದೆ." ಅಪ್ಪನೂ ನಕ್ಕ. ನನಗೆ ರೊಟ್ಟಿ ಗಂಟಲಿನಲ್ಲಿ ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಟಾಗ ಏಳುನೂರರಲ್ಲಿ ಮುನ್ನೂರು ತೆಗೆದು ಜೇಬಿಗೆ ತುರುಕಿದಳು. ಆ ಚೈನಿನ ಇನ್ನೂರನ್ನು ಮಾವ ಕೊಡಲಿಲ್ಲ, ನಾನೂ ಕೇಳಲಿಲ್ಲ. ಹಾಗಾಗಿ ಆ ವಾರ ನನ್ನ ಓದಿನ ಖರ್ಚು ಕುಡುಗೋಲಿನದೇ.

ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಯ ಕಾಲದಲ್ಲಿ ಯಂತ್ರಗಳನ್ನು ಒಡೆದ ಕೂಲಿಗಾರರ ಮೇಲೆ ಇತ್ತು. ನಾನು ಅವರನ್ನು ಮುಂದಾಲೋಚನೆಯಿಲ್ಲದವರು ಎಂದು ಬರೆದು ಬಂದಿದ್ದೆ. ಹತ್ತಕ್ಕೆ ಏಳು ಅಂಕ ಬಂತು. ಅದನ್ನು ತಿದ್ದಿ ಬರೆಯಲು ಅವಕಾಶವಿಲ್ಲ.

೨೦೨೫ರ ಸುಗ್ಗಿಯಲ್ಲಿ ಅದೇ ಹಳ್ಳದ ದಂಡೆಗೆ ಮಿಷನ್ನಿನ ಜೊತೆ ನಾನೂ ಹೋದೆ. ಎಂಥ ಚೈನಾದರೂ ಗದ್ದೆಯ ಮೂಲೆಯಲ್ಲಿ ತಿರುಗಲಾರದು. ನಾಲ್ಕು ಮೂಲೆಯನ್ನೂ ಮಿಷನ್ ಇಳಿಯುವ ಜಾಗವನ್ನೂ ಮೊದಲು ಕೈಯಿಂದ ಕೊಯ್ದು ಬಿಡಿಸಿಕೊಡಬೇಕು. ಒಂದು ಗಂಟೆಯ ಕೆಲಸ, ನೂರು ರೂಪಾಯಿ. ಅದಕ್ಕೆ ಅವ್ವ ಬಂದಿದ್ದಳು. ನಾಲ್ಕನೆಯ ಮೂಲೆ ಮುಗಿದಾಗ ಚಾಲಕ ಹಾರನ್ ಹೊಡೆದ. ಅವ್ವ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬದುವಿನ ಮೇಲೆ ಸರಿದು ನಿಂತಳು. ನಾನು ಕೆಳಗಿಳಿದು ಎಡಗಡೆಯ ಚೈನಿನ ಸಂದಿಗೆ ಬೆರಳು ಹಾಕಿ ನೋಡಿದೆ. ಸರಿಯಿತ್ತು. ಹೋಗು ಎಂದು ಚಾಲಕನಿಗೆ ಕೈ ಮಾಡಿದೆ.